1966ರ ಎಂಜಿಬಿ ರೋಡ್‌ಸ್ಟರ್ ನೋಡೋಕೆ ಹೋಗ್ತಿದೀನಿ, ಫುಲ್ ರಿಸ್ಟೋರ್ ಆಗಿದೆ ಅಂತಾರೆ, ಏನೇನ್ ನೋಡ್ಬೇಕು ಹೇಳಿ

ತುಂಗಾತೀರ
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯವನು, ಹನ್ನೊಂದು ವರ್ಷದಿಂದ ಇಲ್ಲಿ ಇಂಗ್ಲೆಂಡಿನ ಡಿಡ್‌ಕಾಟ್‌ನಲ್ಲಿದೀನಿ, ಎಂಜಿ ಕಾರ್ಖಾನೆ ಇದ್ದ ಅಬಿಂಗ್ಡನ್ ಪಕ್ಕದೂರು. ಬೇಸಿಗೆ ಬಂತು ಅಂದ್ರೆ ಭಾನುವಾರ ಬೆಳಗ್ಗೆ ನಮ್ಮ ರಸ್ತೇಲಿ ಒಂದಾದ್ರೂ ಹಳೇ ಎಂಜಿಬಿ ಸ್ಪೋರ್ಟ್ಸ್ ಕಾರು ಟಾಪ್ ಇಳಿಸ್ಕೊಂಡು ಹೋಗೇ ಹೋಗುತ್ತೆ, ಆ ಸೈಲೆನ್ಸರ್ ಸದ್ದು ಕೇಳಿ ಕೇಳಿ ಕೊನೆಗೂ ಒಂದು ತಗೊಳ್ಳೋಣ ಅಂತ ಮನಸ್ಸು ಮಾಡಿದೀನಿ, ಮನೆಯವಳೂ ಹೂಂ ಅಂದಿದಾಳೆ. 1966ರದ್ದು ಒಂದು ಸಿಕ್ಕಿದೆ, ಟಾರ್ಟನ್ ರೆಡ್ ಬಣ್ಣ, ವೈರ್ ವೀಲ್, ಓವರ್‌ಡ್ರೈವ್ (ಸ್ವಿಚ್ ಒತ್ತಿದ್ರೆ ಇಂಜಿನ್ ತಿರುಗೋ ವೇಗ ಇಳಿಸೋ ಹೆಚ್ಚುವರಿ ಗೇರ್) ಇದೆ, 17,500 ಪೌಂಡ್ ಹೇಳ್ತಿದಾರೆ. ಹತ್ತು ವರ್ಷದ ಹಿಂದೆ ಪೂರ್ತಿ ರಿಸ್ಟೋರ್ ಮಾಡ್ಸಿದ್ದಂತೆ. ಫೋಟೋದಲ್ಲಿ ಪೇಂಟ್ ಕನ್ನಡಿ ಥರ ಇದೆ. ಶನಿವಾರ ನೋಡೋಕೆ ಹೋಗ್ಬೇಕು. ನನಗೆ ಇಂಜಿನ್ ಬಗ್ಗೆ ಅಷ್ಟೇನೂ ಗೊತ್ತಿಲ್ಲ, ಅದೇ ಭಯ. ಗೊತ್ತಿರೋರು ದಯವಿಟ್ಟು ಹೇಳಿ.

ಗ್ಯಾರೇಜ್ ಮಗ
ಅಣ್ಣಾರ, ಇಂಜಿನ್ ಬಗ್ಗೆ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ನಮ್ಮಪ್ಪ ಹುಬ್ಬಳ್ಳಿಯೊಳಗ ಮೂವತ್ತು ವರ್ಷ ಅಂಬಾಸಿಡರ್ ರಿಪೇರಿ ಮಾಡ್ಯಾರ, ನಾ ಸಣ್ಣಾವಿದ್ದಾಗಿಂದ ಆ ಇಂಜಿನ್ ಕಳಚೋದು ಜೋಡಿಸೋದು ನೋಡ್ಕೋತ ಬೆಳದೇನಿ. ಇಲ್ಲಿ ಸ್ವಿಂಡನ್‌ಗೆ ಬಂದ ಮ್ಯಾಲ ಮೊದಲನೇ ಸಲ ಎಂಜಿಬಿ ಬಾನೆಟ್ ಎತ್ತಿ ನೋಡಿದಾಗ ಊರಿಗೆ ಹೋದಂಗ ಆತು ನೋಡ್ರಿ. ಅದ ಬಿ ಸೀರೀಸ್ ಇಂಜಿನ್, ಎರಡೂ ಗಾಡಿಗೆ ಒಂದ ಮನೆತನದ್ದು! ನಮ್ಮ ಅಂಬಾಸಿಡರ್‌ದು 1489 ಸಿಸಿ, ಇದರದ್ದು 1798 ಸಿಸಿ, ಆದ್ರ ಸ್ಟ್ರೋಕ್, ಅಂದ್ರ ಪಿಸ್ಟನ್ ಮ್ಯಾಲ ಕೆಳಗ ಓಡೋ ದೂರ, ಎರಡಕ್ಕೂ ಒಂದ, 88.9 ಮಿಲಿಮೀಟರ್, ಬೋರ್, ಅಂದ್ರ ಸಿಲಿಂಡರ್ ಅಗಲ ಮಾತ್ರ ದೊಡ್ಡದು ಮಾಡ್ಯಾರ. ಇದಕ್ಕಿಂತ ಮೊದಲ ಬಂದಿದ್ದ ಎಂಜಿಎ ಅಂತೂ 1955ರಾಗ ಶುರುವಾದಾಗ ಅದ 1489 ಇಂಜಿನ್ ಇತ್ತು. ಅಂಬಾಸಿಡರ್ ಅಂದ್ರ ಮೂಲದಾಗ ಮಾರಿಸ್ ಆಕ್ಸ್‌ಫರ್ಡ್ ಅಲ್ಲೇನ್ರಿ, ಅದು ಹುಟ್ಟಿದ್ದು ಆಕ್ಸ್‌ಫರ್ಡ್ ಊರಿನ ಕೌಲಿಯೊಳಗ, ಎಂಜಿಬಿ ಹುಟ್ಟಿದ್ದು ಅಬಿಂಗ್ಡನ್‌ದಾಗ, ನಡುವ ಹತ್ತು ಮೈಲಿನೂ ಇಲ್ಲ.

ಹಂಗಾಗಿ ಇಂಜಿನ್ ಹೋದ್ರ ಹೋಗ್ಲಿ, ಪಾರ್ಟ್ ಎಲ್ಲಾ ಸಿಗ್ತಾವ, ಒಂದು ವಾರದಾಗ ಮಾಡಬಹುದು. ನೀವು ನೋಡಬೇಕಾಗಿದ್ದು ಬಾಡಿ. ಬಾಡಿ ಬಾಡಿ ಬಾಡಿ. ಉಳಿದದ್ದು ಅಕ್ಕಾರು ಹೇಳ್ತಾರ, ಅವರ ಕೆಲಸಾನ ಅದು.

ಕವೆಂಟ್ರಿ ಅಕ್ಕ
ಕರೆದ್ರಲ್ಲ, ಬಂದೆ. ನಾನು ಬಾಡಿ ಇಂಜಿನಿಯರಿಂಗ್‌ನಲ್ಲಿ ಇರೋದು, ಮನೇಲಿ 1971ರ ಎಂಜಿಬಿ ಒಂದನ್ನ ನಾಲ್ಕು ವರ್ಷ ಕೂತು ಮಾಡಿದೀವಿ, ಹಾಗಾಗಿ ಇದು ಪುಸ್ತಕದ ಮಾತಲ್ಲ.

ಮೊದ್ಲು ಒಂದು ವಿಷಯ ಅರ್ಥ ಮಾಡ್ಕೊಳ್ಳಿ. ಎಂಜಿಎಗೆ ಕೆಳಗೆ ಬೇರೆ ಚಾಸಿ ಇತ್ತು, ಬಾಡಿ ಅದರ ಮೇಲೆ ಕೂರ್ತಿತ್ತು. 1962ರಲ್ಲಿ ಎಂಜಿಬಿ ಬಂದಾಗ ಚಾಸಿನೇ ತೆಗೆದ್ರು, ಬಾಡಿನೇ ಚಾಸಿ. ಅದೂ ಮೇಲೆ ಛಾವಣಿ ಇಲ್ಲದ ಕಾರು. ಹಾಗಾದ್ರೆ ಮುಂದಿನ ಭಾಗಾನ ಹಿಂದಿನ ಭಾಗಾನ ಹಿಡಿದಿಟ್ಟಿರೋದು ಏನು? ಬಾಗಿಲ ಕೆಳಗಿರೋ ಎರಡು ಸಿಲ್, ನಡುವೆ ಗೇರ್‌ಬಾಕ್ಸ್ ಟನಲ್, ಮುಗೀತು. ಸಿಲ್ ಅಂದ್ರೆ ಹೊರಗೆ ಕಾಣೋ ತಗಡು ಮಾತ್ರ ಅಲ್ಲ ಕಣ್ರೀ, ಹೊರಗಿನ ಸಿಲ್ ಒಂದು, ಒಳಗಿನ ಸಿಲ್ ಒಂದು, ಇವೆರಡರ ಮಧ್ಯೆ ನೆಟ್ಟಗೆ ನಿಂತಿರೋ ತಗಡು ಇನ್ನೊಂದು, ಅಡಿಯಲ್ಲಿ ಕ್ಯಾಸಲ್ ರೈಲ್ ಅಂತ ಮಡಚಿದ ಪಟ್ಟಿ. ಈ ನಾಲ್ಕೂ ಸೇರಿ ಒಂದು ಪೆಟ್ಟಿಗೆ ಆಗುತ್ತೆ, ಆ ಪೆಟ್ಟಿಗೇಲಿ ಕಾರಿನ ಪ್ರಾಣ ಇರೋದು.

ತುಕ್ಕು ಬರೋದು ಒಳಗಿಂದ. ಮುಂದಿನ ಚಕ್ರದ ಹಿಂದೆ, ವಿಂಗ್ ಒಳಗೆ, ಕೆಸರು ತಡೆಯೋಕೆ ಒಂದು ತಗಡು ಇಟ್ಟಿದಾರೆ, ಅದರ ಅಂಚಿಗೆ ರಬ್ಬರ್ ಇದೆ, ಆ ರಬ್ಬರ್ ಒಣಗಿ ಹೋದ್ಮೇಲೆ ಕೆಸರೆಲ್ಲಾ ಅದರ ಹಿಂದೆ ಹೋಗಿ ಕೂರುತ್ತೆ, ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ ಆ ಉಪ್ಪಿನ ಸಮೇತ. ವರ್ಷಗಟ್ಟಲೆ ಒದ್ದೆಯಾಗೇ ಇರುತ್ತೆ. ಹೊರಗೆ ಪೇಂಟಲ್ಲಿ ಒಂದು ಸಣ್ಣ ಗುಳ್ಳೆ ಕಾಣೋ ಹೊತ್ತಿಗೆ ಒಳಗೆ ಏನೂ ಉಳಿದಿರಲ್ಲ.

ಇನ್ನು ರಿಪೇರಿ. ಸಿಲ್ ಎರಡೂ ಕಡೆ ವಿಂಗ್‌ಗಳ ಒಳಗೂ ಹೋಗಿರುತ್ತೆ, ಅಂದ್ರೆ ಸರಿಯಾಗಿ ಮಾಡ್ಬೇಕು ಅಂದ್ರೆ ಮುಂದಿನ ವಿಂಗ್ ಬಿಚ್ಚಬೇಕು, ಹಿಂದಿನ ವಿಂಗ್‌ನ ಕೆಳಭಾಗ ಕತ್ತರಿಸಬೇಕು, ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣ ಕೊಟ್ಟು ಬಾಡಿ ಕುಸಿಯದ ಹಾಗೆ ಹಿಡ್ಕೋಬೇಕು, ಆಮೇಲೆ ಒಂದೊಂದೇ ತಗಡು ತೆಗೆದು ಹೊಸದು ವೆಲ್ಡ್ ಮಾಡ್ಬೇಕು. ನಮಗೆ ಒಂದು ಕಡೆಗೇ ಒಂದೂವರೆ ತಿಂಗಳ ವಾರಾಂತ್ಯ ಎಲ್ಲಾ ಹೋಯ್ತು. ಇದನ್ನೆಲ್ಲ ತಪ್ಪಿಸೋಕೆ ಕೆಲವರು ಕೊಳೆತ ಸಿಲ್ ಮೇಲೇ ಕವರ್ ಸಿಲ್ ಅಂತ ಒಂದು ತಗಡು ಹೊದಿಸಿ, ಪುಟ್ಟಿ ಬಳಿದು ಪೇಂಟ್ ಹೊಡೀತಾರೆ. ನೋಡೋಕೆ ಹೊಸದು. ಒಳಗೆ ಹೆಣ. ನನಗೆ ಇದನ್ನ ನೋಡಿದ್ರೆ ನಿಜವಾಗ್ಲೂ ಸಿಟ್ಟು ಬರುತ್ತೆ, ಯಾಕಂದ್ರೆ ಪಕ್ಕದಿಂದ ಯಾರಾದ್ರೂ ಗುದ್ದಿದ್ರೆ ಆ ಕಾರಲ್ಲಿ ಕೂತವರನ್ನ ಕಾಪಾಡೋಕೆ ಅಲ್ಲಿ ಏನೂ ಇಲ್ಲ.

ಶನಿವಾರ ಒಂದು ಅಯಸ್ಕಾಂತ ತಗೊಂಡ್ ಹೋಗಿ, ತೆಳು ಬಟ್ಟೇಲಿ ಸುತ್ತಿ, ಇಲ್ಲಾಂದ್ರೆ ಅವರ ಪೇಂಟ್ ಗೀಚುತ್ತೆ. ಬಾಗಿಲ ಹಿಂದೆ ಕೆಳಗೆ, ಹಿಂದಿನ ಚಕ್ರದ ಮುಂದೆ, ನಾಯಿ ಕಾಲಿನ ಹಾಗೆ ಬಾಗಿರೋ ಜಾಗ ಇದೆ, ಅಲ್ಲಿ ಇಟ್ಟು ನೋಡಿ. ಅಂಟದಿದ್ರೆ ಅದು ಪುಟ್ಟಿ. ಆಮೇಲೆ ಬಾಗಿಲ ಸಂದು. ಮೇಲೂ ಕೆಳಗೂ ಒಂದೇ ಅಗಲ ಇರ್ಬೇಕು, ಮೇಲ್ಗಡೆ ಸಂದು ಕಿರಿದಾಗಿದ್ರೆ ಕಾರು ನಡು ಮುರಿದುಕೊಂಡಿದೆ ಅಂತ ಅರ್ಥ. ಮಾಲೀಕರು ಒಪ್ಪಿದ್ರೆ ಜಾಕಿಂಗ್ ಪಾಯಿಂಟಲ್ಲಿ ಜಾಕ್ ಕೊಟ್ಟು ಸ್ವಲ್ಪ ಎತ್ತಿಸಿ ಬಾಗಿಲು ತೆಗೆದು ಹಾಕಿ ನೋಡಿ, ನೆಲದ ಮೇಲಿದ್ದಾಗ ಹೇಗೆ ಮುಚ್ಚುತ್ತೋ ಹಾಗೇ ಮುಚ್ಚಬೇಕು. ಕೊನೇದಾಗಿ ನೆಲದಲ್ಲಿ ಮಲಗಿ ಕ್ಯಾಸಲ್ ರೈಲ್ ಕಾಣುತ್ತಾ ನೋಡಿ. ಹಳೇ ಬಟ್ಟೆ ಹಾಕ್ಕೊಂಡ್ ಹೋಗಿ.

ಹೊಸಬ ಬೆಂಗಳೂರು
ಓದ್ತಾ ಓದ್ತಾ ಟೀ ತಣ್ಣಗಾಯ್ತು. ಒಂದು ಪ್ರಶ್ನೆ, ಎಂಜಿ ಅಂದ್ರೆ ಇಲ್ಲಿ ಹೆಕ್ಟರ್ ಮಾಡೋರಲ್ವಾ, ಅದೇ ಕಂಪನಿನಾ ಇದು?

ಕುಡ್ಲದಿಂದ ಕೆಂಟ್
ಹೆಸರು ಅದೇ, ಎಂಟು ಮೂಲೆಯ ಬ್ಯಾಡ್ಜೂ ಅದೇ, ಆದರೆ ಈಗ ಅದು ಚೀನಾದ ಎಸ್ಎಐಸಿ ಕೈಯಲ್ಲಿ ಉಂಟು. ಮೊದಲು ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್, ಅದರ ಎರಡು ಅಕ್ಷರವೇ ಎಂಜಿ ಆದದ್ದು. ಸೆಸಿಲ್ ಕಿಂಬರ್ ಹೇಳಿ ಅಲ್ಲಿಯ ಮ್ಯಾನೇಜರ್, ಮಾರಿಸ್ ಕಾರಿಗೆ ಚಂದದ ಬಾಡಿ ಕಟ್ಟಿ ಮಾರಲಿಕ್ಕೆ ಶುರು ಮಾಡಿದ. 1929ರಲ್ಲಿ ಅಬಿಂಗ್ಡನ್ನಿಗೆ ಹೋದರು, ಪಾವ್ಲೋವಾ ಹೇಳುವ ಚರ್ಮದ ಕಾರ್ಖಾನೆಯ ಜಾಗಕ್ಕೆ. 1980ರ ಅಕ್ಟೋಬರಿನಲ್ಲಿ ಅಬಿಂಗ್ಡನ್ ಮುಚ್ಚಿತು ಮಾರಾಯ್ರೆ, ಕೊನೆಯವರೆಗೂ ಎಂಜಿಬಿ ಮಾಡುತ್ತಾ ಇದ್ದರು. ಹದಿನೆಂಟು ವರ್ಷದಲ್ಲಿ ಗಟ್ಟಿ ಛಾವಣಿಯ ಜಿಟಿಯನ್ನೂ ಸೇರಿಸಿ ಐದು ಲಕ್ಷದ ಮೇಲೆ ಕಾರು, ಹೆಚ್ಚಿನದ್ದು ಹೋದದ್ದು ಅಮೆರಿಕಕ್ಕೆ.

ತುಂಗಾತೀರ ಅವರಿಗೆ ನನ್ನದು ಒಂದು ಮಾತು. ಕಲೆಕ್ಟರ್ ದೃಷ್ಟಿಯಿಂದ ನೋಡುವುದಾದರೆ ವರ್ಷ ತುಂಬಾ ಮುಖ್ಯ. 1964ರ ಅಕ್ಟೋಬರಿನವರೆಗೆ ಇಂಜಿನಿಗೆ ಮೂರು ಮೈನ್ ಬೇರಿಂಗ್ (ಕ್ರ್ಯಾಂಕ್ ಶಾಫ್ಟನ್ನು ಹಿಡಿದುಕೊಳ್ಳುವಂಥದ್ದು), ಆಮೇಲೆ ಐದು. ಬಾಗಿಲಿನ ಹೊರಗಿನ ಹಿಡಿಕೆ 1965ರವರೆಗೆ ಎಳೆಯುವಂಥದ್ದು, ಆಮೇಲೆ ಬಟನ್ ಒತ್ತುವಂಥದ್ದು. ಎಳೆಯುವ ಹಿಡಿಕೆಯೂ ಐದು ಬೇರಿಂಗೂ ಎರಡೂ ಇರುವ ಕಾರು ಕೆಲವೇ ತಿಂಗಳು ಬಂದದ್ದು, ಜನ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. 1974ರ ಕೊನೆಯಲ್ಲಿ ಅಮೆರಿಕದ ಕಾನೂನಿಗೋಸ್ಕರ ಕ್ರೋಮ್ ಬಂಪರ್ ತೆಗೆದು ಕಪ್ಪು ರಬ್ಬರ್ ಬಂಪರ್ ಹಾಕಿ ಕಾರನ್ನೇ ಎತ್ತರ ಮಾಡಿದರು, ಆಮೇಲಿನದ್ದಕ್ಕೆ ಬೆಲೆ ಕಡಿಮೆ. ನಿಮ್ಮ 1966ರದ್ದು ಒಳ್ಳೆ ವರ್ಷವೇ. ಆದರೆ ಒಂದನೇ ಗೇರಿಗೆ ಸಿಂಕ್ರೊ (ಓಡುವಾಗ ಗೇರನ್ನು ಸಲೀಸಾಗಿ ಬೀಳಿಸುವ ಭಾಗ) ಇಲ್ಲ, ನಿಂತ ಮೇಲೆಯೇ ಹಾಕಬೇಕು. ಬ್ಯಾಟರಿ ಪಾಸಿಟಿವ್ ಅರ್ತ್, ಹೇಳಿದರೆ ಪ್ಲಸ್ ತಂತಿ ಬಾಡಿಗೆ ಇರುವುದು, ಜಂಪ್ ಸ್ಟಾರ್ಟ್ ಕೊಡುವಾಗ ಜಾಗ್ರತೆ. ಚಾಸಿ ನಂಬರಿನಲ್ಲಿ ಜಿಎಚ್ಎನ್3 ಆದ ಮೇಲೆ ಎಲ್ ಅಕ್ಷರ ಉಂಟಾ ನೋಡಿ, ಇದ್ದರೆ ಅದು ಹುಟ್ಟಿನಲ್ಲಿ ಎಡಗಡೆ ಸ್ಟಿಯರಿಂಗ್, ಹೊರದೇಶಕ್ಕೆ ಹೋಗಿ ವಾಪಸ್ ಬಂದದ್ದು.

ತುಂಗಾತೀರ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾ ಬರ್ಕೊಂಡಿದೀನಿ. ಶನಿವಾರ ರಾತ್ರಿ ಬಂದು ಹೇಳ್ತೀನಿ.

ತುಂಗಾತೀರ
ಹೋಗಿ ಬಂದೆ. ಬೇಜಾರಾಗಿದೆ, ಆದ್ರೂ ಬರೀತೀನಿ, ಮುಂದೆ ಯಾರಿಗಾದ್ರೂ ಉಪಯೋಗ ಆಗ್ಲಿ.

ಕಾರು ಗೇಟಲ್ಲಿ ನಿಂತಿದ್ದು ನೋಡಿದ ತಕ್ಷಣ ಎದೆ ಧಸಕ್ ಅಂತು, ಅಷ್ಟು ಚೆನ್ನಾಗಿದೆ. ಕೆಂಪು ಪೇಂಟು, ಕಪ್ಪು ಲೆದರ್ ಸೀಟು, ಕ್ರೋಮ್ ಎಲ್ಲಾ ಫಳಫಳ. ಕೀಲಿ ತಿರುಗಿಸಿದ್ರೆ ಹಿಂದೆ ಎಲ್ಲೋ ಟಕ್ ಟಕ್ ಟಕ್ ಅಂತ ಸದ್ದು, ಅದು ಎಸ್‌ಯು ಪೆಟ್ರೋಲ್ ಪಂಪ್ ಅಂತೆ, ತುಂಬಿದ ಮೇಲೆ ತಾನೇ ನಿಲ್ಲುತ್ತೆ. ಇಂಜಿನ್ ಮೊದಲ ತಿರುಗಿಗೇ ಹೊತ್ಕೊಂತು. ಬಿಸಿಯಾದ ಮೇಲೆ ಓಡಿಸುವಾಗ ಆಯಿಲ್ ಪ್ರೆಶರ್ 60 ತೋರಿಸ್ತಿತ್ತು. ಅಲ್ಲಿಗೇ ಚೆಕ್ ಬರೆಯೋಣ ಅನ್ನಿಸ್ಬಿಡ್ತು ನಿಜವಾಗ್ಲೂ.

ಆಮೇಲೆ ಅಕ್ಕ ಹೇಳಿದ ನಾಯಿ ಕಾಲಿನ ಜಾಗಕ್ಕೆ ಅಯಸ್ಕಾಂತ ಇಟ್ಟೆ, ಕೈ ಬಿಟ್ರೆ ಕೆಳಗೆ ಬಿತ್ತು. ಎಡಗಡೆನೂ ಹಾಗೇ, ಬಲಗಡೆನೂ ಹಾಗೇ. ಮಲಗಿ ನೋಡಿದ್ರೆ ಕ್ಯಾಸಲ್ ರೈಲ್ ಕಾಣಲೇ ಇಲ್ಲ, ನುಣ್ಣಗೆ ಒಂದೇ ತಗಡು, ಅದರ ಮೇಲೆ ದಪ್ಪಗೆ ಟಾರ್ ಥರ ಕಪ್ಪು ಬಳಿದಿದ್ರು. ಬಾಗಿಲ ಸಂದು ಮೇಲೆ ನನ್ನ ಕಿರುಬೆರಳೂ ಹೋಗಲ್ಲ, ಕೆಳಗೆ ಹೆಬ್ಬೆರಳು ಹೋಗುತ್ತೆ. ರಿಸ್ಟೋರ್ ಮಾಡಿದ ಫೋಟೋ ಕೇಳ್ದೆ, ಆರು ಫೋಟೋ ಇತ್ತು, ಆರೂ ಪೇಂಟ್ ಆದ ಮೇಲಿನದ್ದು. ಮಾರೋರು ವಯಸ್ಸಾದವರು, ಒಳ್ಳೇ ಜನ, ಅವರು ಇದು ಸರಿಯಾಗೇ ರಿಸ್ಟೋರ್ ಆಗಿದೆ ಅಂತ ನಂಬ್ಕೊಂಡಿದ್ದು. ನಾನು ತೋರಿಸಿದಾಗ ಅವರ ಮುಖ ನೋಡೋಕಾಗ್ಲಿಲ್ಲ. ಟೀ ಕೊಟ್ರು, ಕುಡ್ದು ಬಂದೆ.

ಗ್ಯಾರೇಜ್ ಮಗ
ಭಾಳ ಛಲೋ ಮಾಡಿದ್ರಿ ಅಣ್ಣಾರ, ತಗೋಳ್ಳಿಲ್ಲ ಅದ ದೊಡ್ಡದು. ಇಂಥಾ ಕೆಲಸ ನಮ್ಮ ಊರಾಗೂ ನೋಡೇನ್ರಿ, ಟಿಂಕರಿಂಗ್ ಅಂದ್ರ ಪುಟ್ಟಿ ಅಂತ ತಿಳ್ಕೊಂಡೋರು ಅದಾರ. ಆದ್ರ ಅಂಬಾಸಿಡರ್‌ಗೆ ಮ್ಯಾಲ ಟಾಪ್ ಇರ್ತದ, ಸಿಲ್ ಸ್ವಲ್ಪ ಹೋದ್ರೂ ತಡೀತದ. ಟಾಪ್ ಇಲ್ಲದ ಗಾಡಿಗೆ ಹಂಗ ಮಾಡೋದು ಪಾಪ. ಫೋಟೋ ಮಾತು ಸರಿಯಾಗಿ ಹೇಳಿದ್ರಿ. ಪೇಂಟ್ ಆದ ಮ್ಯಾಲಿನ ಫೋಟೋ ನೂರು ಇದ್ರೂ ಬ್ಯಾಡ, ಸಿಲ್ ಕತ್ತರಿಸಿದಾಗಿನ ಫೋಟೋ ಎರಡು ಸಾಕು.

ತುಂಗಾತೀರ
ಮೂರು ವಾರ ಆಯ್ತು, ಮತ್ತೆ ಬಂದಿದೀನಿ. ಇನ್ನೊಂದು ಸಿಕ್ಕಿದೆ. ಇದೂ 1966ರದ್ದೇ, ಓಲ್ಡ್ ಇಂಗ್ಲಿಷ್ ವೈಟ್, ಪೇಂಟ್ ಅಷ್ಟೇನೂ ಹೊಳೆಯಲ್ಲ, ಬಾನೆಟ್ ಮೇಲೆ ಕಲ್ಲು ಬಡಿದ ಗುರುತು ಇದೆ, ಸೀಟ್ ಹೊಲಿಗೆ ಒಂದು ಕಡೆ ಬಿಟ್ಟಿದೆ. ಆದ್ರೆ ಎರಡು ದಪ್ಪ ಆಲ್ಬಮ್ ಫೋಟೋ, ಬಿಲ್ ಎಲ್ಲಾ ಇದೆ, 1993ರಲ್ಲಿ ಹಳೇ ಬಾಡಿ ಪೂರ್ತಿ ತೆಗೆದು ಹೆರಿಟೇಜ್ ಶೆಲ್ ಅಂತ ಹೊಸ ಬಾಡಿ ಹಾಕಿದಾರೆ. ಅಯಸ್ಕಾಂತ ಎಲ್ಲಾ ಕಡೆ ಅಂಟಿಕೊಂತು, ಬಾಗಿಲು ಒಂದೇ ಬೆರಳಲ್ಲಿ ಮುಚ್ಚುತ್ತೆ. 15,000 ಹೇಳಿದಾರೆ. ಬಾಡಿನೇ ಬೇರೆ ಅಂದ್ಮೇಲೆ ಇದು 1966ರ ಕಾರು ಅಂತ ಹೇಳ್ಬಹುದಾ?

ಕವೆಂಟ್ರಿ ಅಕ್ಕ
ಧೈರ್ಯವಾಗಿ ಹೇಳಿ. ಈ ಶೆಲ್ ಕಥೆ ನನಗೆ ತುಂಬಾ ಇಷ್ಟ. ಅಬಿಂಗ್ಡನ್ ಮುಚ್ಚಿದ ಮೇಲೆ ಬಾಡಿ ತಗಡು ಒತ್ತುತ್ತಿದ್ದ ಪ್ರೆಸ್ ಟೂಲ್‌ಗಳನ್ನ ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು ಹುಡುಕಿ ಕಲೆಹಾಕಿ, 1988ರಲ್ಲಿ ಫ್ಯಾರಿಂಗ್ಡನ್‌ನಲ್ಲಿ ಎಂಜಿಬಿ ಶೆಲ್ ಮತ್ತೆ ಮಾಡೋಕೆ ಶುರು ಮಾಡಿದ್ರು, ಆಮೇಲೆ ವಿಟ್ನಿಗೆ ಹೋದ್ರು. ಹೊಸದಾಗಿ ಅಚ್ಚು ಮಾಡಿದ್ದಲ್ಲ, ಅವತ್ತಿನ ಅಚ್ಚೇ. ಉತ್ಪಾದನೆ ನಿಂತುಹೋದ ಕಾರಿನ ಪೂರ್ತಿ ಬಾಡಿ ಹೊಸದಾಗಿ ಸಿಗೋದು ಅಂದ್ರೆ ಎಂಥ ಭಾಗ್ಯ ಯೋಚನೆ ಮಾಡಿ. ಎಷ್ಟು ಎಂಜಿಬಿ ಗುಜರಿಗೆ ಹೋಗೋದು ಇದರಿಂದ ಉಳೀತು. ಒಂದೇ ಎಚ್ಚರಿಕೆ, ಹೆರಿಟೇಜ್ ಶೆಲ್ಲೂ ಕಬ್ಬಿಣವೇ, ಒಳಗೆ ತುಕ್ಕು ತಡೆಯೋ ವ್ಯಾಕ್ಸ್ ಹೊಡೆದಿದಾರಾ ಬಿಲ್‌ನಲ್ಲಿ ನೋಡಿ. ಹೊಡೆದಿಲ್ಲ ಅಂದ್ರೆ ತಗೊಂಡ ತಕ್ಷಣ ಹೊಡೆಸಿ, ಚಳಿಗಾಲ ಬರೋಕೆ ಮುಂಚೆ.

ಕುಡ್ಲದಿಂದ ಕೆಂಟ್
ನಾನು ಸ್ವಲ್ಪ ಬೇರೆ ಹೇಳುತ್ತೇನೆ ಅಕ್ಕ, ಬೇಸರ ಮಾಡಬೇಡಿ. ಕಾರು ಗಟ್ಟಿ ಉಂಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಬಿಂಗ್ಡನ್ನಿಗೆ ಲಾರಿಯಲ್ಲಿ ಬಂದ ಆ ಮೊದಲಿನ ತಗಡು ಇದಲ್ಲ. ಆ ತಗಡಿಗೆ ಒಂದು ಬೆಲೆ ಉಂಟು. ತುಂಡು ತುಂಡು ಸೇರಿಸಿ ಹಳೆಯದನ್ನೇ ಉಳಿಸಿದವರ ಕೆಲಸ ದೊಡ್ಡದು, ನಾಳೆ ಮಾರುವಾಗ ಕಲೆಕ್ಟರ್‌ಗಳು ಅದನ್ನು ಕೇಳಿಯೇ ಕೇಳುತ್ತಾರೆ. ಓಡಿಸಲಿಕ್ಕೆ ಆದರೆ ಇದನ್ನೇ ತೆಗೊಳ್ಳಿ. ಗೇಡನ್ನಿನ ಬ್ರಿಟಿಷ್ ಮೋಟರ್ ಮ್ಯೂಸಿಯಂಗೆ ಬರೆದು ಹೆರಿಟೇಜ್ ಸರ್ಟಿಫಿಕೇಟ್ ತರಿಸಿ, ಕಾರು ಯಾವ ದಿನ ಕಟ್ಟಿದ್ದು, ಮೊದಲಿನ ಬಣ್ಣ ಎಂತದು, ಇಂಜಿನ್ ನಂಬರ್ ಎಷ್ಟು, ಎಲ್ಲಾ ಕಾರ್ಖಾನೆ ದಾಖಲೆಯಿಂದ ಸಿಗ್ತದೆ.

ಕವೆಂಟ್ರಿ ಅಕ್ಕ
ಬೇಸರ ಯಾಕೆ, ನೀವು ಹೇಳೋದ್ರಲ್ಲೂ ಸತ್ಯ ಇದೆ. ಆದ್ರೂ ಅವರು ವಾರಾಂತ್ಯ ಹೆಂಡತೀನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗೋಕೆ ತಗೋತಿರೋದು. ನನ್ನ ವೋಟು ಗಟ್ಟಿ ಸಿಲ್‌ಗೆ.

ತುಂಗಾತೀರ
ತಗೊಂಡೆ!! 14,200ಕ್ಕೆ ಮಾತಾಯ್ತು. ವ್ಯಾಕ್ಸ್ ಬಿಲ್ ಇತ್ತು, 1993ರಲ್ಲಿ ಒಂದ್ಸಲ, 2009ರಲ್ಲಿ ಇನ್ನೊಂದ್ಸಲ. ಸರ್ಟಿಫಿಕೇಟ್ ಬಂತು, ಈ ಕಾರು ಹುಟ್ಟಿದಾಗ ಬಿಳಿ ಅಲ್ಲ, ಐರಿಸ್ ಬ್ಲೂ ಅಂತೆ! ಮನೆಯವಳು ನೀಲಿನೇ ಮಾಡ್ಸೋಣ ಅಂತಿದಾಳೆ, ನೋಡೋಣ, ಈಗ ಬೇಡ.

ನಲವತ್ತು ವರ್ಷ ದಾಟಿದ್ದರಿಂದ ರೋಡ್ ಟ್ಯಾಕ್ಸ್ ಇಲ್ಲ, ಎಂಒಟಿ ಅನ್ನೋ ವರ್ಷ ವರ್ಷದ ಕಾರ್ ತಪಾಸಣೆ ಕೂಡ ಕಡ್ಡಾಯ ಅಲ್ಲ. ಆದ್ರೂ ಮಾಡ್ಸಿದೆ, ಬ್ರೇಕ್ ವಿಷಯದಲ್ಲಿ ನನಗೆ ನನ್ನ ಮೇಲೆ ನಂಬಿಕೆ ಸಾಲದು. ಮೊದಲ ಭಾನುವಾರ ಅಬಿಂಗ್ಡನ್‌ಗೇ ಹೋದ್ವಿ, ಕಾರ್ಖಾನೆ ಇದ್ದ ಮಾರ್ಚಮ್ ರೋಡಲ್ಲಿ ನಿಧಾನಕ್ಕೆ ಒಂದು ಸುತ್ತು. ಮೂರನೇ ಗೇರಲ್ಲಿ ಓವರ್‌ಡ್ರೈವ್ ಸ್ವಿಚ್ ಒತ್ತಿದ್ರೆ ಇಂಜಿನ್ ಉಸಿರು ಬಿಟ್ಟ ಹಾಗೆ ತಣ್ಣಗಾಗುತ್ತೆ, ಆ ಒಂದು ಕ್ಷಣಕ್ಕೇ ದುಡ್ಡು ವಸೂಲ್. ಫುಟ್‌ಪಾತಲ್ಲಿ ಹೋಗ್ತಿದ್ದ ಒಬ್ರು ಅಜ್ಜ ನಿಂತು ಟೋಪಿ ತೆಗೆದ್ರು.

ಪೆಟ್ರೋಲ್ ಯಾವ್ದು ಹಾಕ್ಬೇಕು? ಮತ್ತೆ ಇಂಜಿನಿಂದ ಸಣ್ಣಗೆ ಕಟ ಕಟ ಸದ್ದು ಬರುತ್ತೆ, ಅದು ಸರಿನಾ?

ಗ್ಯಾರೇಜ್ ಮಗ
ಅಭಿನಂದನೆ ಅಣ್ಣಾರ! ಪೆಟ್ರೋಲ್ ಸೂಪರ್ ಹಾಕಿಸ್ರಿ, ಇ5 ಅಂತ ಬರದಿರ್ತದ. 2021ರಿಂದ ಸಾದಾ ಪೆಟ್ರೋಲ್ ಎಲ್ಲಾ ಇ10 ಆಗೇತಿ, ಅಂದ್ರ ನೂರಕ್ಕ ಹತ್ತರ ತನಕ ಎಥನಾಲ್, ಆ ಎಥನಾಲ್ ಹಳೇ ರಬ್ಬರ್ ಪೈಪ್ ತಿಂತದ, ಪೈಪ್ ಒಮ್ಮೆ ಎಲ್ಲಾ ಹೊಸಾದು ಹಾಕಿಬಿಡ್ರಿ. ಮತ್ತ ಸಿಲಿಂಡರ್ ಹೆಡ್‌ಗೆ ಗಟ್ಟಿ ವಾಲ್ವ್ ಸೀಟ್ ಹಾಕ್ಯಾರೇನು ಬಿಲ್‌ದಾಗ ಹುಡುಕ್ರಿ, ಈ ಇಂಜಿನ್ ಮಾಡಿದ್ದು ಸೀಸ ಇದ್ದ ಪೆಟ್ರೋಲ್‌ಗೆ.

ಸದ್ದಿಂದು ಒಂದು ವಿಡಿಯೋ ಮಾಡಿ ಕಳಸ್ರಿ, ನಮ್ಮಪ್ಪಗ ಕೇಳಿಸ್ತೇನಿ.

ಹೊಸಬ ಬೆಂಗಳೂರು
ಇ10ಗೇ ಹೀಗಾ? ನಮ್ಮಲ್ಲಿ ಬಂಕಲ್ಲಿ ಇ20 ಬಂದಿದೆ, ಇಲ್ಲಿ ಹಳೇ ಕಾರು ಇಟ್ಕೊಂಡೋರ ಗತಿ ಏನು! ಅಪ್ಪ ಏನಂದ್ರು ಹೇಳಿ ಸರ್, ಕಾಯ್ತಿದೀನಿ.

ಗ್ಯಾರೇಜ್ ಮಗ
ನಮ್ಮಪ್ಪಗ ಈಗ 74, ಕಿವಿ ಸ್ವಲ್ಪ ಮಂದ ಆಗೇತಿ, ಆದ್ರ ಫೋನ್ ಕಿವಿಗೆ ಒತ್ಕೊಂಡು ವಿಡಿಯೋ ಎರಡು ಸಲ ಕೇಳಿದ್ರು. ಕಟ ಕಟ ಇರೋದು ಛಲೋ, ಅದು ಟ್ಯಾಪೆಟ್, ಅಂದ್ರ ವಾಲ್ವ್ ಒತ್ತೋ ಭಾಗದ ಸದ್ದು, ಆದ್ರ ನಾಲ್ಕು ಸಿಲಿಂಡರ್‌ದಾಗ ಒಂದು ಕಡೆ ಸದ್ದ ಬರವಲ್ದು, ಅದು ಬಿಗಿ ಆಗೇತಿ, ಬಿಗಿ ಇದ್ರ ವಾಲ್ವ್ ಪೂರಾ ಮುಚ್ಚಂಗಿಲ್ಲ, ಸುಟ್ಟು ಹೋಗ್ತದ ಅಂದ್ರು. ಗ್ಯಾಪ್ 15 ಥೌ ಇಡ್ರಿ, ಒಂದು ಥೌ ಅಂದ್ರ ಇಂಚಿನ ಸಾವಿರದಾಗ ಒಂದು ಭಾಗ, ಇಂಜಿನ್ ತಣ್ಣಗಿದ್ದಾಗ. ಒಂಬತ್ತರ ಲೆಕ್ಕ ನೆನಪಿಟ್ಕೋರಿ. ವಾಲ್ವ್ ಎಂಟು ಅದಾವಲ್ಲ, ಮುಂದಿಂದ ಎಣಿಸ್ರಿ. ಎಂಟನೇದು ಪೂರಾ ಕೆಳಗ ಇಳದಾಗ ಒಂದನೇದು ಸೆಟ್ ಮಾಡ್ರಿ, ಆರನೇದು ಇಳದಾಗ ಮೂರನೇದು, ನಾಲ್ಕು ಇಳದಾಗ ಐದು, ಎರಡೂ ಕೂಡಿಸಿದ್ರ ಯಾವಾಗ್ಲೂ ಒಂಬತ್ತ ಆಗಬೇಕು. ಅಂಬಾಸಿಡರ್‌ಗೂ ನಾವು ಹಿಂಗ ಮಾಡ್ತಿದ್ದಿವಿ, ನನಗ ಹತ್ತು ವರ್ಷ ಇದ್ದಾಗ ಕಲಿಸಿದ್ದು ಅವರು.

ತುಂಗಾತೀರ
ಈಗಷ್ಟೇ ಕೈ ತೊಳ್ಕೊಂಡು ಬಂದು ಬರೀತಿದೀನಿ. ರಾಕರ್ ಕವರ್ ತೆಗೆದು ಫೀಲರ್ ಗೇಜ್ ಹಾಕಿ ಒಂಬತ್ತರ ಲೆಕ್ಕದಲ್ಲೇ ನೋಡ್ದೆ. ಏಳು ವಾಲ್ವ್ 15, 16ರ ಹತ್ರ ಇದ್ವು. ಆರನೇದು 9 ಥೌ. ಬಿಗಿಯಾಗೇ ಇತ್ತು! ಹುಬ್ಬಳ್ಳೀಲಿ ಕೂತು ಫೋನಲ್ಲಿ ಕೇಳಿ ಹೇಳಿದಾರೆ ಅಂದ್ರೆ ನನಗೆ ಇನ್ನೂ ನಂಬೋಕಾಗ್ತಿಲ್ಲ. ಅಪ್ಪಾಜಿಗೆ ನನ್ನ ನಮಸ್ಕಾರ ತಿಳಿಸಿ. ಸರಿ ಮಾಡಿದ ಮೇಲಿನ ಸದ್ದು ರೆಕಾರ್ಡ್ ಮಾಡಿ ಕಳಿಸಿದೀನಿ, ಇನ್ನೊಂದ್ಸಲ ಕೇಳಿಸ್ತೀರಾ?